ಎತ್ತಿನಹೊಳೆಯ ನೀರು ಬಯಲುಸೀಮೆಗೆ ಹೋಗಬೇಕೇ?

ಪರ: ಅರಸೀಕೆರೆಯ ತೆಂಗು ಬೆಳೆಗಾರ

2017ರ ಬೇಸಿಗೆಯಲ್ಲಿ ನಮ್ಮ ತೋಟದಲ್ಲಿ ಮೂರನೆಯ ಕೊಳವೆಬಾವಿ ಕೊರೆಸಿದೆವು. 900 ಅಡಿಯವರೆಗೂ ಎದ್ದದ್ದು ಬರೀ ಬಿಳಿ ದೂಳು. ಅಪ್ಪ ಅದನ್ನು ಅಂಗೈಗೆ ಹಾಕಿಕೊಂಡು, ಎಲ್ಲಾದರೂ ಪಸೆ ಸಿಕ್ಕೀತೇ ಎಂದು ಹೆಬ್ಬೆರಳಿನಿಂದ ತಿಕ್ಕಿ ತಿಕ್ಕಿ ನೋಡುತ್ತಿದ್ದರು. ಅದೇ ವರ್ಷ ಸುಳಿ ಒಣಗಿದ ಅರವತ್ತು ತೆಂಗಿನ ಮರಗಳನ್ನು ಕಡಿಸಿದೆವು. ಅವು ತಾತ ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ ಮರಗಳು.

ನಾವು ಯಾರ ಬೇಸಿಗೆಯ ನೀರನ್ನೂ ಕೇಳುತ್ತಿಲ್ಲ. ಸಕಲೇಶಪುರದ ಕಡೆ ಹುಟ್ಟಿ ಪಶ್ಚಿಮಕ್ಕೆ ಹರಿಯುವ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳಿಗೆ ಕಟ್ಟಿರುವ 8 ಒಡ್ಡುಗಳಿಂದ ಮಳೆಗಾಲದಲ್ಲಿ ಮಾತ್ರ ನೀರೆತ್ತುವ, 24.01 ಟಿಎಂಸಿಯ ಯೋಜನೆ ಇದು. ಫ್ಲೋರೈಡ್ ನೀರು ಕುಡಿಯುವ ಕೋಲಾರ, ಚಿಕ್ಕಬಳ್ಳಾಪುರದ ಊರುಗಳೂ ನಮ್ಮಂತೆಯೇ ಈ ನೀರಿಗಾಗಿ ಕಾದು ಕುಳಿತಿವೆ. ಮಲೆನಾಡಿನವರು ಹೊಳೆ ಬತ್ತುತ್ತದೆ ಎನ್ನುತ್ತಾರೆ. ಅಂಗಳದಲ್ಲಿ ಮೊಣಕಾಲುದ್ದ ನೀರು ನಿಂತಿರುವಾಗ ನೆರೆಮನೆಗೆ ಒಂದು ಕೊಡ ಕೊಡಲಾರೆ ಎಂದಂತಾಯಿತು ಈ ಮಾತು. ಹೊಳೆಯಲ್ಲಿ ಎಷ್ಟು ಟಿಎಂಸಿ ಇದೆಯೆಂಬ ತಕರಾರಿಗೆ ನಾನು ಇಳಿಯುವುದಿಲ್ಲ; ಇದ್ದಷ್ಟು ಬರಲಿ. 2024ರ ಸೆಪ್ಟೆಂಬರ್ 6ರಂದು ಮೊದಲ ಹಂತ ಉದ್ಘಾಟನೆಯಾದಾಗ ಮುಂದಿನ ಕಾಲುವೆ ಪೂರ್ತಿಯಾಗದೆ, ಎತ್ತಿದ ನೀರನ್ನು ಚಿತ್ರದುರ್ಗ ಜಿಲ್ಲೆಯ ವಾಣಿವಿಲಾಸ ಸಾಗರ ಜಲಾಶಯದ ಕಡೆಗೆ ಹರಿಸಬೇಕಾಯಿತು. ಆ ಕಾಲುವೆಯನ್ನು ಮೊದಲು ಮುಗಿಸಿ, ನಮ್ಮ ಕೆರೆಗಳನ್ನು ತುಂಬಿಸಲಿ.

ವಿರೋಧ: ಸಕಲೇಶಪುರದ ಕಾಫಿ ಬೆಳೆಗಾರ

ವಿರೋಧದ ಪಕ್ಷ ವಹಿಸಿ ಬರೆಯಬೇಕೆಂದು ನನ್ನನ್ನು ಕೇಳಿದ್ದಾರೆ. ಬಾಯಾರಿದವರಿಗೆ ನೀರು ಬೇಡವೆನ್ನುವಷ್ಟು ವಿರೋಧ ನನ್ನದಲ್ಲ. ನನ್ನ ತಕರಾರು ಲೆಕ್ಕದ ಮೇಲೆ ಮತ್ತು ಗುಡ್ಡವನ್ನು ಅಗೆದ ರೀತಿಯ ಮೇಲೆ.

ಈ ಹೊಳೆಗಳ ಒಟ್ಟು ಇಳುವರಿಯೇ 9.55 ಟಿಎಂಸಿ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನವೊಂದು ಅಂದಾಜಿಸಿದೆ. ಹಾಗಿದ್ದೂ 24.01 ಟಿಎಂಸಿಯ ಭರವಸೆ ಕೊಟ್ಟು, 2014ರಲ್ಲಿ 12,912 ಕೋಟಿ ರೂಪಾಯಿ ಇದ್ದ ಅಂದಾಜನ್ನು 23,251 ಕೋಟಿಗೆ ಏರಿಸಿದರು. ಕೊಳವೆ ಹೂಳಲು ನಮ್ಮ ತೋಟದ ಅಂಚಿನಲ್ಲಿ ತೋಡಿದ ಮಣ್ಣನ್ನು ಗುತ್ತಿಗೆದಾರರು ಇಳಿಜಾರಿನ ಮೇಲೇ ಗುಡ್ಡೆ ಹಾಕಿ ಹೋದರು. ಆಗಸ್ಟ್ ಮಳೆಗೆ ಅದು ಜಾರಿ, ಎರಡು ಸಾಲು ರೋಬಸ್ಟಾ ಗಿಡಗಳನ್ನು ಬುಡಸಮೇತ ಮುಚ್ಚಿತು. ಕೆಳಗಿನ ತೋಡಿನಲ್ಲಿ ಮೂರು ವಾರ ಕೆಂಪು ರಾಡಿಯೇ ಹರಿಯಿತು. ಆ ತೋಡಿನ ನೀರು ಗುಂಡ್ಯ ಹೊಳೆಗೂ ಕುಮಾರಧಾರೆಗೂ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಕೆಳಗಿನವರಿಗೂ ಅದು ಕುಡಿಯುವ ನೀರೇ.

ಇಳಿಜಾರಿಗೆ ತಡೆಗೋಡೆ ಕಟ್ಟಿಕೊಡಿ ಎಂದು ಅರ್ಜಿ ಕೊಟ್ಟೆ. ಬಂದು ಅಳತೆ ಮಾಡಿಕೊಂಡು ಹೋದರು. ಗೋಡೆ ಇನ್ನೂ ಬಂದಿಲ್ಲ.