ಅಕ್ಯುಟ್ರಾನ್ ಗುರುತು ಹಿಡಿಯಬೇಕಾ? ಸೆಲ್ ಆಮೇಲೆ ಹಾಕಿ

ಬುಲೋವಾ ಕಂಪನಿಯ ಹಳೇ ಅಕ್ಯುಟ್ರಾನ್ ವಾಚು ಸಿಕ್ಕಿದ ತಕ್ಷಣ ಸೆಲ್ ಹಾಕಿ ಕಿವಿಗೆ ಹಿಡಿಯೋದು ಎಲ್ಲರ ಚಾಳಿ. ಗುಂಯ್ ಅಂದರೆ ಸಾಕು, "ಒರಿಜಿನಲ್" ಅಂತ ಫೋಟೋ ಹಾಕಿಬಿಡ್ತಾರೆ. ಆ ಸದ್ದಿನಿಂದ ಗೊತ್ತಾಗೋದು ಒಂದೇ: ಒಳಗೆ ಟೈಮ್ ಅಳೆಯೋ ಟ್ಯೂನಿಂಗ್ ಫೋರ್ಕ್ (ಎರಡು ಕವಲಿನ ಲೋಹದ ಕಡ್ಡಿ) ಸೆಕೆಂಡಿಗೆ 360 ಸಲ ಕಂಪಿಸ್ತಿದೆ. ವಾಚು ಯಾವುದು, ಯಾವ ವರ್ಷದ್ದು ಅನ್ನೋದು ಲೋಹದ ಮೇಲಿನ ಗುರುತಿನಿಂದ ಮಾತ್ರ ಗೊತ್ತಾಗುತ್ತೆ.

ಮೊದಲು ಟೈಮ್ ಹೊಂದಿಸೋ ಕೀ (ಕ್ರೌನ್) ಎಲ್ಲಿದೆ ನೋಡಿ. ಪಕ್ಕದಲ್ಲಿ ಕ್ರೌನೇ ಇಲ್ಲದೆ, ಹಿಂದೆ ಎತ್ತಿ ತಿರುಗಿಸೋ ಸಣ್ಣ ಹಿಡಿ, ನಾಣ್ಯದಿಂದ ತೆಗೆಯೋ ಸೆಲ್ ಮುಚ್ಚಳ ಇದ್ದರೆ ಅದು 214 ನಂಬರಿನ ಮೂವ್‌ಮೆಂಟ್ (ಒಳಗಿನ ಯಂತ್ರ), ಅಂದರೆ 1960ರ ಅಕ್ಟೋಬರಿನಲ್ಲಿ ಬಂದ ಮೊದಲ ಸಾಲು. ನಾಲ್ಕು ಗಂಟೆ ಜಾಗದಲ್ಲಿ ಕ್ರೌನ್ ಇದ್ದರೆ ಬಹುತೇಕ 218. ಅದರಲ್ಲೇ ತಾರೀಖು ಇದ್ದದ್ದು 2181, ವಾರವೂ ಇದ್ದದ್ದು 2182. ಡಯಲ್ ಮೇಲೆ "f300 Hz" ಅಂತಿದ್ದರೆ ಅದು ಬುಲೋವಾ ಕೆಲಸವೇ ಅಲ್ಲ, ಒಮೆಗಾ ಇತ್ಯಾದಿಗಳಲ್ಲಿ ಬಂದ ಸ್ವಿಸ್ ಮೂವ್‌ಮೆಂಟ್.

ಆಮೇಲೆ ವರ್ಷ. ಹಿಂಬದಿಯಲ್ಲಿ ಒಂದು ಅಕ್ಷರ, ಒಂದು ಅಂಕೆ ಇರುತ್ತೆ: M ಅಂದರೆ ಅರವತ್ತರ ದಶಕ, N ಅಂದರೆ ಎಪ್ಪತ್ತರದು. M6 ಅಂದರೆ 1966, N2 ಅಂದರೆ 1972. ಸವೆದ ಕೇಸಿನಲ್ಲಿ 6, 8, 0 ಮೂರೂ ಒಂದೇ ಥರ ಕಾಣೋದೇ ತಲೆನೋವು. ಉಜ್ಜೋ ಪೇಪರ್, ಪಾಲಿಷ್ ಹತ್ತಿರಕ್ಕೂ ತರಬೇಡಿ, ಉಳಿದಿರೋ ಕೂದಲೆಳೆಯಷ್ಟು ಗೀರೂ ಹೋಗಿಬಿಡುತ್ತೆ. ಮುಚ್ಚಳ ಬಿಗಿಯಾಗಿದೆಯಾ ನೋಡಿಕೊಂಡು, ಒಣಬಟ್ಟೆಯಲ್ಲಿ ಜಿಡ್ಡು ಒರೆಸಿ, ಚಿಟಿಕೆ ಮುಖದ ಪೌಡರ್ ಸವರಿ ಮೇಲಿನದ್ದನ್ನ ಬೆರಳಲ್ಲಿ ತೆಗೀರಿ. ಟಾರ್ಚನ್ನ ನೇರವಾಗಿ ಬಿಡದೆ ಮೇಜಿನ ಮಟ್ಟದಲ್ಲಿ ಅಡ್ಡ ಹಿಡಿದು ಸುತ್ತಲೂ ತಿರುಗಿಸ್ತಾ ಹತ್ತುಪಟ್ಟು ದೊಡ್ಡದಾಗಿ ತೋರಿಸೋ ಲೂಪಿನಲ್ಲಿ (ಭೂತಗನ್ನಡಿ) ನೋಡಿ. 8ರ ಮೇಲಿನ ಸೊನ್ನೆ ಮುಚ್ಚಿಕೊಳ್ಳುತ್ತೆ, 6ರದ್ದು ತೆರೆದೇ ಇರುತ್ತೆ. ನೆರಳಿನಲ್ಲಿ ಇದು ಸ್ಪಷ್ಟವಾಗಿ ಬೀಳುತ್ತೆ.

ಹಿಂಬದಿ ಬಿಚ್ಚಿದರೆ ಮೂವ್‌ಮೆಂಟಿನ ಮೇಲೂ ಇದೇ ಥರದ ಕೋಡ್ ಸಿಗುತ್ತೆ. ಕೇಸಿಗೂ ಅದಕ್ಕೂ ಒಂದು ವರ್ಷ ಹೆಚ್ಚುಕಮ್ಮಿ ಇದ್ದರೆ ಚಿಂತೆಯಿಲ್ಲ. ಐದಾರು ವರ್ಷ ವ್ಯತ್ಯಾಸ ಇದ್ದರೆ ಎರಡು ವಾಚು ಸೇರಿ ಒಂದಾಗಿದೆ ಅಂತಲೇ ನನ್ನ ಲೆಕ್ಕ, ಮಾರೋರು ಏನೇ ಹೇಳಲಿ. ಬಿಚ್ಚುವಾಗ ಸ್ಕ್ರೂಡ್ರೈವರ್ ಜಾರಬಾರದು. 214ರ ಎರಡು ಕಾಯಿಲ್‌ಗಳ ತಂತಿ ಕೂದಲಿಗಿಂತ ತೆಳು, ಅದು ಕಡಿದರೆ ವಾಚೇ ಸತ್ತಂತೆ.

ಡಯಲ್ ಇಲ್ಲದೆ ಒಳಗಿನ ಯಂತ್ರವೇ ಕಾಣೋ ಸ್ಪೇಸ್‌ವ್ಯೂ ಅಂದರೆ ಇನ್ನೂ ಹುಷಾರು. ಸಾದಾ 214ರ ಡಯಲ್ ಕಿತ್ತು ಗಾಜು ಬದಲಿಸಿದವು ಮಾರುಕಟ್ಟೆ ತುಂಬಾ ಇವೆ.

ಇಷ್ಟಾದ ಮೇಲೆ ಸೆಲ್. ಆಗಿನದ್ದು 1.35 ವೋಲ್ಟಿನ ಪಾದರಸದ ಸೆಲ್, ಈಗ ಸಿಗೋದು 1.55ರ ಸಿಲ್ವರ್ ಆಕ್ಸೈಡ್. ವೋಲ್ಟೇಜ್ ಏರಿದರೆ ಫೋರ್ಕ್ ಜಾಸ್ತಿ ಬೀಸುತ್ತೆ, ಅದು ತಳ್ಳೋ 300 ಹಲ್ಲಿನ ಇಂಡೆಕ್ಸ್ ಚಕ್ರ ಒಂದೇ ಬೀಸಿಗೆ ಎರಡೆರಡು ಹಲ್ಲು ದಾಟಿ ವಾಚು ತುಂಬಾ ಮುಂದೆ ಓಡೋಕೆ ಶುರುಮಾಡುತ್ತೆ. ಆಗ ಕೆಟ್ಟಿದೆ ಅಂತ ಬಿಸಾಡಬೇಡಿ. ಚಕ್ರ ಹಿಂದೆ ಸರಿಯದಂತೆ ಹಲ್ಲು ಹಿಡಿಯೋ ಪಾಲ್ ಫಿಂಗರ್ ಹೊಂದಿಸೋಕೆ ಬಲ್ಲವರ ಕೈಗೆ ಕೊಡಿ.