ಡೈಲಾಗ್ ಆಮೇಲೆ ಕೊಡಿ, ಮೊದಲು ಮೈ ಏಳಲಿ

ನಮ್ಮ ಕಡೆ ನಾಟಕ ಕಲಿಸೋದು ಅಂದ್ರೆ ಇವತ್ತಿಗೂ ಮೊದಲು ಕೈಗೆ ಸ್ಕ್ರಿಪ್ಟ್ ಬರುತ್ತೆ. ಮಾತು ಬಾಯಿಪಾಠ ಆಗಬೇಕು, ಆಮೇಲೆ ಎಲ್ಲಿ ನಿಲ್ಲಬೇಕು, ಯಾವಾಗ ಕೈ ಎತ್ತಬೇಕು ಅಂತ ಹೇಳಿಕೊಡುತ್ತಾರೆ. ಈ ಕ್ರಮ ಬದಲಾಗಲೇಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತೆ. ಮೈಸೂರು, ಮಂಡ್ಯದ ಹವ್ಯಾಸಿ ತಂಡಗಳಲ್ಲಿ ಒಳ್ಳೊಳ್ಳೆ ಕಂಠ ಇರುವವರಿದ್ದಾರೆ, ಪುಟಗಟ್ಟಲೆ ಮಾತು ನೆನಪಿಟ್ಟುಕೊಳ್ಳುವವರಿದ್ದಾರೆ. ಆದರೆ ಎದುರಿನ ಪಾತ್ರ ಮಾತಾಡುವಾಗ ಅವರ ಮುಖ ನೋಡಿ. ತಮ್ಮ ಸರದಿಗೆ ಕಾಯುತ್ತಿರುತ್ತಾರೆ ಅಷ್ಟೇ. ಕೇಳಿಸಿಕೊಳ್ಳುತ್ತಿರುವುದಿಲ್ಲ.

ನಾನು ಭಾನುವಾರಗಳಂದು ಮಂಡ್ಯದಿಂದ ಮೈಸೂರಿಗೆ ಹೋಗಿ ಇಂಪ್ರೊವೈಸೇಷನ್ (ಸ್ಕ್ರಿಪ್ಟ್ ಇಲ್ಲದೆ ಆಗಿಂದಾಗಲೇ ಅಭಿನಯಿಸೋದು), ಮೂವ್‌ಮೆಂಟ್ ಕಲಿಯುತ್ತಿದ್ದೇನೆ. ಅಲ್ಲಿ ನನಗೆ ತುಂಬಾ ಹಿಡಿಸಿದ್ದು ಕನ್ನಡಿ ಆಟ. ಇಬ್ಬರು ಎದುರುಬದುರು ನಿಲ್ಲಬೇಕು. ಒಬ್ಬರು ನಿಧಾನವಾಗಿ ಕೈ, ಭುಜ, ಕತ್ತು ಆಡಿಸುತ್ತಾರೆ, ಇನ್ನೊಬ್ಬರು ಅದನ್ನೇ ಅದೇ ಹೊತ್ತಿಗೆ ಮಾಡಬೇಕು. ಕೈಯನ್ನೇ ನೋಡುತ್ತಾ ಕೂತರೆ ಯಾವಾಗಲೂ ಒಂದು ಕ್ಷಣ ಹಿಂದೆ ಬೀಳುತ್ತೀರಿ. ಎದೆ ಕಡೆ ನೋಡಿದರೆ ಉಸಿರು ಎಳೆದುಕೊಂಡಾಗಲೇ ಕೈ ಏಳುತ್ತೆ ಅಂತ ಗೊತ್ತಾಗುತ್ತೆ. ಸ್ವಲ್ಪ ಹೊತ್ತಾದ ಮೇಲೆ ಟೀಚರ್ 'ಈಗ ಯಾರೂ ಮುಂದೆ ಹೋಗಬೇಡಿ, ಇಬ್ಬರೂ ಹಿಂಬಾಲಿಸಿ' ಅನ್ನುತ್ತಾರೆ. ಆಗ ನೋಡಬೇಕು, ಯಾರು ಶುರು ಮಾಡಿದರು ಅಂತಾನೇ ತಿಳಿಯದೆ ಎರಡು ಮೈ ಒಟ್ಟಿಗೆ ಆಡುತ್ತಿರುತ್ತವೆ!

ಇಂಥ ಆಟಗಳನ್ನು ರೂಪಿಸಿದವರಲ್ಲಿ ದೊಡ್ಡ ಹೆಸರು ಅಮೆರಿಕದ ವಯೋಲಾ ಸ್ಪೋಲಿನ್. 1930ರ ದಶಕದ ಕೊನೆಯಲ್ಲಿ ಶಿಕಾಗೋದಲ್ಲಿ, ಬೇರೆ ಬೇರೆ ದೇಶಗಳಿಂದ ಬಂದ ಕುಟುಂಬಗಳ ಮಕ್ಕಳಿಗೆ ಆಟದ ಮೂಲಕವೇ ನಾಟಕ ಕಲಿಸಿದರು. 1959ರಲ್ಲಿ ಅವರ ಮಗ ಪಾಲ್ ಸಿಲ್ಸ್ ಮತ್ತು ಗೆಳೆಯರು ಶಿಕಾಗೋದಲ್ಲೇ ಸೆಕೆಂಡ್ ಸಿಟಿ ಅನ್ನೋ ಹಾಸ್ಯ ನಾಟಕ ತಂಡ ಕಟ್ಟಿದಾಗ ಈ ಆಟಗಳೇ ಅದಕ್ಕೆ ಬುನಾದಿಯಾದವು.

ಹೊರಗಿನದ್ದು ನಮಗ್ಯಾಕೆ ಅಂತ ಕೇಳುವವರಿದ್ದಾರೆ. ಯಕ್ಷಗಾನದ್ದೇ ಒಂದು ಬಗೆಯಾದ ಕರಾವಳಿಯ ತಾಳಮದ್ದಳೆ ನೋಡಿ. ವೇಷ ಇಲ್ಲ, ಕುಣಿತ ಇಲ್ಲ, ಭಾಗವತರು ಹಾಡಿದ ಪದ್ಯಕ್ಕೆ ಕೂತಲ್ಲೇ ಪಾತ್ರವಾಗಿ ಮಾತಾಡುತ್ತಾರೆ, ಇದಕ್ಕೆ ಅರ್ಥ ಹೇಳೋದು ಅಂತಾರೆ. ಪದ್ಯ ಮಾತ್ರ ಮೊದಲೇ ಇರುತ್ತೆ, ಮಾತು ಆಗಿಂದಾಗಲೇ ಹುಟ್ಟಬೇಕು. ಎದುರಿನವರು ಎತ್ತಿದ ಪ್ರಶ್ನೆಯನ್ನು ಕಿವಿಗೊಟ್ಟು ಕೇಳದಿದ್ದರೆ ಅಲ್ಲಿ ಉತ್ತರವೇ ಹುಟ್ಟಲ್ಲ. ಇದು ನಮ್ಮಲ್ಲೇ ಇರುವ ವಿದ್ಯೆ ಅಲ್ವಾ?

ನಡಿಗೆಯದ್ದೂ ಒಂದು ಅಭ್ಯಾಸ ಇದೆ. ಎದೆಯೇ ಎಳೆದುಕೊಂಡು ಹೋಗುವ ಹಾಗೆ ನಡೆಯಬೇಕು, ಆಮೇಲೆ ಹಣೆ, ಆಮೇಲೆ ಹೊಟ್ಟೆ. ನಮ್ಮ ಬ್ಯಾಚಿನಲ್ಲಿ ಊರ ನಾಟಕದಲ್ಲಿ ದುರ್ಯೋಧನ ಮಾಡುವ ಒಬ್ಬ ಅಣ್ಣ ಇದ್ದಾರೆ. ಎದೆ ಮುಂದೆ ಮಾಡಿ ನಡೆದಾಗ ಎಲ್ಲರೂ ನೋಡಿರುವ ದುರ್ಯೋಧನನೇ ಬಂದ. ಹಣೆ ಮುಂದೆ ಮಾಡಿ ನಡೆದಾಗ ಹೆಜ್ಜೆ ಚುರುಕಾಯಿತು, ಕತ್ತು ಬಗ್ಗಿತು, ಒಳಗೊಳಗೇ ಕುದಿಯುವ ಬೇರೆ ಮನುಷ್ಯ ಕಂಡ. ಒಂದು ಮಾತೂ ಆಡಿರಲಿಲ್ಲ.

ಬಿ.ವಿ. ಕಾರಂತರಿಂದ 1989ರಲ್ಲಿ ಶುರುವಾದ ನಾಟಕ ಸಂಸ್ಥೆ ರಂಗಾಯಣ ಮೈಸೂರಿನಲ್ಲೇ ಇದೆ. ಬೇಸಿಗೆ ಬಂದರೆ ಅಲ್ಲಿ ಮಕ್ಕಳಿಗೆ ಚಿಣ್ಣರ ಮೇಳ ನಡೆಯುತ್ತೆ. ಮಕ್ಕಳಿಗೆ ಆಟ ಆಡಿಸಿ ನಾಟಕ ಕಲಿಸೋದನ್ನು ನಾವು ಖುಷಿಯಾಗಿ ಒಪ್ಪುತ್ತೇವೆ. ದೊಡ್ಡವರಿಗೆ ಯಾಕೆ ಬೇಡ? ಮೈ ಬಿಗಿದುಕೊಂಡಿರೋದು ನಮ್ಮದೇ ಜಾಸ್ತಿ!

ಪೌರಾಣಿಕ ನಾಟಕದ ಕಂದ (ಪದ್ಯ), ಮಟ್ಟು (ಹಾಡಿನ ಧಾಟಿ) ಬದಲಿಸೋಕೆ ಆಗಲ್ಲ ಅಂತ ಮೇಷ್ಟ್ರುಗಳು ಹೇಳುತ್ತಾರೆ. ಬದಲಿಸೋದು ಬೇಡವೇ ಬೇಡ. ಒಂದಕ್ಷರವೂ ಬದಲಾಗದೆ ಕೃಷ್ಣ ಹೇಳಿದ್ದನ್ನು ಕರ್ಣ ಪ್ರತಿ ರಾತ್ರಿ ಹೊಸದಾಗಿ ಕೇಳಿಸಿಕೊಳ್ಳಬಹುದಲ್ಲ, ನಾನು ಕೇಳುತ್ತಿರುವುದು ಅಷ್ಟೇ. ತಾಲೀಮಿನ ಮೊದಲ ವಾರ ಹಾರ್ಮೋನಿಯಂ ಪಕ್ಕಕ್ಕಿಟ್ಟು ಇವನ್ನು ಆಡಿಸಿ ನೋಡಿ. ಮಂಡಿ ನೋವಿರುವ ಹಿರಿಯರು ಕನ್ನಡಿ ಆಟವನ್ನು ಕುರ್ಚಿಯಲ್ಲಿ ಕೂತೇ ಆಡಬಹುದು. ವೇದಿಕೆ ಮೇಲೆ ಬೀಳುವುದನ್ನು ಮಾತ್ರ ವಿಡಿಯೋ ನೋಡಿ ಕಲಿಯಬೇಡಿ. ಮಂಡಿ, ಮೊಣಕೈ ನೆಲಕ್ಕೆ ಬಡಿಯದ ಹಾಗೆ ತೊಡೆ, ಪಕ್ಕೆ ಮೇಲೆ ಇಳಿಯೋದನ್ನು ಗೊತ್ತಿರುವವರು ಪಕ್ಕದಲ್ಲೇ ನಿಂತು ಹೇಳಿಕೊಡಬೇಕು.