ಬ್ರಿಕ್ ಲೇನ್‌ನಲ್ಲಿ ಕಂಡದ್ದು, ನಮ್ಮ ಪೇಟೆಗೆ ಬೇಕಾದದ್ದು

ಪೂರ್ವ ಲಂಡನ್ನಿನ ಬ್ರಿಕ್ ಲೇನ್‌ಗೆ ಯಾರೇ ಬರಲಿ, ಮೊದಲು ತೋರಿಸುವುದು ಮೂಲೆಯ ಇಟ್ಟಿಗೆ ಕಟ್ಟಡವನ್ನು. 1743ರಲ್ಲಿ ಅದನ್ನು ಕಟ್ಟಿಸಿದವರು ಫ್ರಾನ್ಸಿನಿಂದ ತಪ್ಪಿಸಿಕೊಂಡು ಬಂದ ಹ್ಯೂಗೆನಾಟ್ ಪ್ರಾಟೆಸ್ಟೆಂಟರು. ಅವರ ಕಾಲಕ್ಕೆ ಅದು ಚರ್ಚು. ಮುಂದೆ ಮೆಥಡಿಸ್ಟರು ಅನ್ನುವ ಇನ್ನೊಂದು ಕ್ರೈಸ್ತ ಪಂಥದವರ ಕೈಗೆ ಬಂತು. 1898ರಲ್ಲಿ ಯಹೂದಿಗಳ ಪ್ರಾರ್ಥನಾ ಮಂದಿರ, ಅಂದರೆ ಸಿನಗಾಗ್ ಆಯಿತು. 1976ರಿಂದ ಅದು ಮಸೀದಿ. ಗೋಡೆಯ ಮೇಲೆ ಕಟ್ಟಿದ ವರ್ಷ ಕೆತ್ತಿದ ನೆರಳು ಗಡಿಯಾರ ಇನ್ನೂ ಹಾಗೇ ಇದೆ.

ಪ್ರವಾಸಿಗರಿಗೆ ಇಷ್ಟು ಹೇಳಿ, ಫೋಟೊ ತೆಗೆಸಿ, ಮುಂದಕ್ಕೆ ಕರೆದುಕೊಂಡು ಹೋಗುತ್ತಾರೆ. ಒಳ್ಳೇ ಕಥೆಯೇ. ಆದರೆ ಆ ಬೀದಿ ನನಗೆ ಹತ್ತಿರವಾದದ್ದು ಇಲ್ಲಿ ಆಗಾಗ ನಡೆಯುವ ಕಾರ್ಯಾಗಾರಗಳಿಂದ. ಬೀದಿಯ ಜನ ಒಂದು ಕೋಣೆಯಲ್ಲಿ ಸೇರುತ್ತಾರೆ. ಚಿತ್ರ ಬಿಡಿಸುತ್ತಾರೆ, ಹೊಲಿಯುತ್ತಾರೆ, ಅಚ್ಚು ಹಾಕುತ್ತಾರೆ, ದನಿ ರೆಕಾರ್ಡ್ ಮಾಡುತ್ತಾರೆ. ಕೈ ಕೆಲಸ ಮಾಡುತ್ತಿರುವಾಗ ಬಾಯಿ ತಾನಾಗಿ ಬೀದಿಯ ಬಗ್ಗೆ ಮಾತಾಡುತ್ತದೆ. ಬೆಂಗಳೂರಿನ ಪೇಟೆಯಲ್ಲೂ ಇಂಥದ್ದು ಆಗಬೇಕು ಅಂತ ನನಗೆ ತುಂಬಾ ಅನಿಸುತ್ತದೆ. ಹಾಗಂತ ಇಲ್ಲಿನದನ್ನು ಇದ್ದ ಹಾಗೇ ಎತ್ತಿಕೊಂಡು ಹೋಗಿ ಅಲ್ಲಿ ಇಡುವುದು ಬೇಡ.

ಮೊದಲು ಒಂದು ಕೂಟದ ಬಗ್ಗೆ ಹೇಳುತ್ತೇನೆ. ಉದ್ದನೆ ಮೇಜಿನ ಮೇಲೆ ಕಾಗದದ ಸುರುಳಿ ಬಿಚ್ಚಿದ್ದರು. ಬೀದಿಯ ಎರಡೂ ಬದಿಯ ಬಾಗಿಲುಗಳನ್ನು ಪೆನ್ಸಿಲಿನಲ್ಲಿ ಬರೆದು ನಂಬರ್ ಹಾಕಿದ್ದರು, ಅಷ್ಟೇ. ಉಳಿದದ್ದನ್ನು ಬಂದವರು ತುಂಬಬೇಕು. ನನ್ನ ಪಕ್ಕದಲ್ಲಿ ಬಾಂಗ್ಲಾದೇಶದ ಸಿಲ್ಹೆಟ್ ಕಡೆಯ ಹಿರಿಯರೊಬ್ಬರು ಕೂತಿದ್ದರು. ಎಲ್ಲರೂ ಅವರನ್ನು ಚಾಚಾ ಅಂತಲೇ ಕರೆಯುತ್ತಿದ್ದರು. 'ನನ್ನ ಹತ್ತಿರ ಹೇಳುವಂಥದ್ದೇನೂ ಇಲ್ಲ' ಅಂದುಬಿಟ್ಟರು. ಕೂಟ ನಡೆಸುತ್ತಿದ್ದ ಹುಡುಗಿ ಒತ್ತಾಯ ಮಾಡಲಿಲ್ಲ. ಒಂದು ತುಂಡು ಚರ್ಮ, ದಪ್ಪ ಸೂಜಿ, ಮೇಣ ಹಚ್ಚಿದ ದಾರ ತಂದು ಅವರ ಮುಂದೆ ಇಟ್ಟು ಹೋದಳು. ಚಾಚಾ ಚರ್ಮವನ್ನು ಎರಡು ಬೆರಳಲ್ಲಿ ಮಡಚಿ, ಬಿಟ್ಟು, ಮತ್ತೆ ಮಡಚಿದರು. 'ಇದು ಜಾಕೆಟ್ಟಿಗೆ ಆಗೋದಿಲ್ಲ, ಬ್ಯಾಗಿನ ಚರ್ಮ' ಅಂದರು.

ಅಲ್ಲಿಂದ ಮಾತು ನಿಲ್ಲಲಿಲ್ಲ. ಯಾವ ಮನೆಯ ಯಾವ ಮಹಡಿಯಲ್ಲಿ ಹೊಲಿಗೆ ಮಿಷನ್‌ಗಳಿದ್ದವು. ತೋಳು ಕೂಡಿಸುವವನು ಬೇರೆ, ಲೈನಿಂಗ್ ಹಾಕುವವನು ಬೇರೆ. ಚಳಿಗೆ ಚರ್ಮ ಬಿರುಸಾದರೆ ಹೀಟರ್ ಪಕ್ಕ ಹರಡಿ ಕಾಯಬೇಕು. ಒಂದೊಂದು ಬಾಗಿಲಿನ ಮೇಲೂ ಬೆರಳಿಟ್ಟು ಹೇಳುತ್ತಾ ಹೋದರು. ಆಮೇಲೆ ಪೆನ್ನು ತೆಗೆದುಕೊಂಡು ಬಂಗಾಳಿಯಲ್ಲಿ ಬರೆದರು. ಅದನ್ನು ಹಾಗೇ ಉಳಿಸಿದರು, ಇಂಗ್ಲಿಷಿಗೆ ಬದಲಾಯಿಸಲು ಯಾರೂ ಹೋಗಲಿಲ್ಲ.

ಮೇಜಿನ ಆ ತುದಿಯಲ್ಲಿದ್ದ ಒಬ್ಬರು 1978ರ ಮಾತು ತೆಗೆದರು. ಆ ವರ್ಷ ಮೇ 4ರಂದು, ಕೆಲಸ ಮುಗಿಸಿ ಮನೆಗೆ ನಡೆದು ಹೋಗುತ್ತಿದ್ದ ಅಲ್ತಾಬ್ ಅಲಿ ಅನ್ನುವ ಯುವಕನನ್ನು ಜನಾಂಗ ದ್ವೇಷಕ್ಕೆ ಕೊಂದರು. ಅವನೂ ಬಟ್ಟೆ ಹೊಲಿಯುವ ಕೆಲಸದವನೇ. ಹತ್ತು ದಿನ ಕಳೆದ ಮೇಲೆ ಸಾವಿರಾರು ಜನ ಶವಪೆಟ್ಟಿಗೆಯ ಹಿಂದೆ ಪ್ರಧಾನಿಯ ಮನೆಯವರೆಗೆ ಮೆರವಣಿಗೆ ಹೋದರು. ಅವನು ಬಿದ್ದ ಜಾಗದ ಹತ್ತಿರದ ಪಾರ್ಕಿಗೆ 1998ರಲ್ಲಿ ಅವನ ಹೆಸರಿಟ್ಟರು. ಇದೆಲ್ಲ ಓದಿಯೂ ತಿಳಿಯಬಹುದು. ಆದರೆ ಆ ಮೇಜಿನ ಹತ್ತಿರ, ಮೆರವಣಿಗೆಯಲ್ಲಿ ನಡೆದವರು ತಾವು ಯಾವ ಅಂಗಡಿಯ ಮುಂದೆ ಗುಂಪಿಗೆ ಸೇರಿಕೊಂಡೆವು ಅಂತ ಕಾಗದದ ಮೇಲೆ ಗುರುತು ಮಾಡಿದರು. ಅದು ಓದಿ ಸಿಗುವ ವಿಷಯ ಅಲ್ಲ, ಅಲ್ವಾ?

ಇಂಥ ನೆನಪುಗಳಿಗೆ ಪಂಡಿತರ ಪಕ್ಕದಲ್ಲಿ ಜಾಗ ಕೊಡುವುದು ನನಗೆ ಇಲ್ಲಿ ತುಂಬಾ ಮೆಚ್ಚುಗೆಯಾದ ಸಂಗತಿ. ಲಂಡನ್ನಿನ ಕಟ್ಟಡಗಳ ಬಗ್ಗೆ ಬರೆಯುವ 'ಸರ್ವೆ ಆಫ್ ಲಂಡನ್' ಅನ್ನುವ ಕೆಲಸ 1894ರಿಂದ ನಡೆಯುತ್ತಾ ಬಂದಿದೆ. ಅವರು ಬ್ರಿಕ್ ಲೇನ್ ಪಕ್ಕದ ವೈಟ್‌ಚಾಪೆಲ್ ಪ್ರದೇಶದ ಚರಿತ್ರೆ ಬರೆಯಲು ಹೊರಟಾಗ, 2016ರಲ್ಲಿ ಒಂದು ವೆಬ್‌ಸೈಟ್ ತೆರೆದು, ನಿಮಗೆ ಗೊತ್ತಿರುವುದನ್ನು, ನಿಮ್ಮ ಹತ್ತಿರ ಇರುವ ಫೋಟೊಗಳನ್ನು ಹಾಕಿ ಅಂತ ಜನರನ್ನು ಕೇಳಿದರು. ವಿದ್ವಾಂಸರ ಟಿಪ್ಪಣಿ ಇರುವ ಕಟ್ಟಡದ ಪುಟದಲ್ಲೇ, ಅಲ್ಲಿ ಬಾಡಿಗೆಗಿದ್ದವರ ನೆನಪೂ ಇರುತ್ತದೆ. ಪುಸ್ತಕದ ಸಂಪುಟಗಳು 2022ರಲ್ಲಿ ಬಂದವು.

ದುಡ್ಡು ಎಲ್ಲಿಂದ ಬರುತ್ತದೆ ಅನ್ನುವುದನ್ನೂ ಹೇಳಬೇಕು. ಬ್ರಿಟನ್ನಿನ ರಾಷ್ಟ್ರೀಯ ಲಾಟರಿಯಲ್ಲಿ ಬಂದ ಹಣದ ಒಂದು ಪಾಲು ಪರಂಪರೆಯ ಕೆಲಸಗಳಿಗೆ ಹೋಗುತ್ತದೆ. ಇಂಗ್ಲೆಂಡಿನಲ್ಲಿ 2020ರಿಂದ 2024ರವರೆಗೆ, ಹಳೇ ಅಂಗಡಿ ಬೀದಿಗಳನ್ನು ಎತ್ತಿ ನಿಲ್ಲಿಸಲು 9.5 ಕೋಟಿ ಪೌಂಡಿನ ಸರ್ಕಾರಿ ಯೋಜನೆಯೊಂದು ಅರವತ್ತಕ್ಕೂ ಜಾಸ್ತಿ ಬೀದಿಗಳಲ್ಲಿ ನಡೆಯಿತು. ಕಟ್ಟಡ ರಿಪೇರಿಯ ಜೊತೆಗೆ ಕಲೆ, ಕಾರ್ಯಾಗಾರ, ಮೆರವಣಿಗೆಗಳಿಗೂ ಅದರಲ್ಲಿ ಪಾಲು ಇತ್ತು. ಚರಂಡಿಗೆ, ಕಲ್ಲುಹಾಸಿಗೆ ದುಡ್ಡು ಇಡುವಾಗಲೇ ಜನರ ನೆನಪಿಗೂ ದುಡ್ಡು ಇಡಬೇಕು ಅಂತ ಯಾರೋ ಯೋಚಿಸಿದ್ದಾರಲ್ಲ, ಅದು ದೊಡ್ಡದು.

ಆದರೆ ಇಲ್ಲಿ ಒಂದು ನೋವಿನ ವಿಷಯವೂ ಇದೆ. ಚಾಚಾ ಈಗ ಆ ಬೀದಿಯಲ್ಲಿಲ್ಲ. ಬಾಡಿಗೆ ಏರಿದ ಮೇಲೆ ಇನ್ನೂ ಪೂರ್ವಕ್ಕಿರುವ ಬಾರ್ಕಿಂಗ್ ಕಡೆಗೆ ಹೋದವರು, ಕಾರ್ಯಾಗಾರಕ್ಕೆ ಬಸ್ಸು ಹಿಡಿದು ಬರುತ್ತಾರೆ. ಚರ್ಮದ ಹೊಲಿಗೆ ಬಹುಮಟ್ಟಿಗೆ ಹೋಯಿತು. ಅದಕ್ಕೂ ಮೊದಲಿನ, ಹ್ಯೂಗೆನಾಟರ ರೇಷ್ಮೆ ಮಗ್ಗಗಳು ಹೋಗಿ ಯಾವ ಕಾಲವಾಯಿತೋ. ನೇಕಾರರಿಗೆ ಬೆಳಕು ಬರಲಿ ಅಂತ ಮೇಲ್ಮಹಡಿಯಲ್ಲಿ ಇಟ್ಟ ಅಗಲ ಕಿಟಕಿಗಳು ಮಾತ್ರ ಇವೆ, ಆ ಮನೆಗಳನ್ನು ಈಗ ಕೊಳ್ಳುವವರು ಕೋಟ್ಯಧೀಶರು. ಅಲ್ಲೇ ಇರುವ ಹಳೇ ಟ್ರೂಮನ್ ಬ್ರೂವರಿಯ ಜಾಗದಲ್ಲಿ ಅಂಗಡಿ ಮತ್ತು ಆಫೀಸುಗಳ ಕಟ್ಟಡಕ್ಕೆ 2021ರಲ್ಲಿ ಒಪ್ಪಿಗೆ ಕೊಟ್ಟರು. ಸಾವಿರಾರು ಜನ ಆಕ್ಷೇಪಣೆ ಬರೆದಿದ್ದರು. ಬೀದಿಯ ನೆನಪನ್ನು ಇಷ್ಟು ಪ್ರೀತಿಯಿಂದ ಕೂಡಿಸುವ ಊರು, ನೆನಪಿರುವ ಜನರನ್ನು ಉಳಿಸಿಕೊಳ್ಳಲು ಅಷ್ಟೇ ಪ್ರಯತ್ನ ಮಾಡಲಿಲ್ಲ.

ಈಗ ನಮ್ಮ ಪೇಟೆಗೆ ಬರೋಣ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ್ದು ಅಂತ ನಾವು ಶಾಲೆಯಲ್ಲಿ ಓದಿದ ಪೇಟೆ. ಈಗ ಅವೆನ್ಯೂ ರಸ್ತೆ ಅನ್ನುವ ದೊಡ್ಡಪೇಟೆ, ಅದಕ್ಕೆ ಅಡ್ಡಲಾಗಿ ಚಿಕ್ಕಪೇಟೆ, ಸುತ್ತ ಬಳೇಪೇಟೆ, ಅಕ್ಕಿಪೇಟೆ, ತರಗುಪೇಟೆ, ನಗರ್ತಪೇಟೆ, ಕಬ್ಬನ್‌ಪೇಟೆ. ಇಲ್ಲಿ ಕೆಲಸ ನಿಂತಿಲ್ಲ. ಬಳೇಪೇಟೆಯಲ್ಲಿ ಇವತ್ತಿಗೂ ವೀಣೆ, ತಬಲಾ ರಿಪೇರಿಗೆ ಕೊಡಬಹುದು. ಮಗಳ ಮದುವೆ ಗೊತ್ತಾದರೆ ಲಗ್ನಪತ್ರಿಕೆಗೂ ಸೀರೆಗೂ ಜನ ಇಲ್ಲಿಗೇ ಬರುತ್ತಾರೆ. ಕಬ್ಬನ್‌ಪೇಟೆಯ ಸಂದಿಯಲ್ಲಿ ನಡೆದರೆ ಕೆಲವು ಮನೆಗಳಿಂದ ಮಗ್ಗದ ಸದ್ದು ಇನ್ನೂ ಬರುತ್ತದೆ. ಬ್ರಿಕ್ ಲೇನ್‌ನಲ್ಲಿ ನೆನಪು ಮಾಡಿಕೊಂಡು ಬರೆಯಬೇಕಾದದ್ದು ಇಲ್ಲಿ ಕಣ್ಣೆದುರೇ ನಡೆಯುತ್ತಿದೆ.

ನಾವು ಅದನ್ನು ನೋಡುವ ರೀತಿ ಮಾತ್ರ ಬೇರೆ. ಪೇಟೆಯ ಪಾರಂಪರಿಕ ನಡಿಗೆಗಳು ಬಹಳ ಸಲ ಭಾನುವಾರ ಬೆಳಿಗ್ಗೆ ನಡೆಯುತ್ತವೆ. ಟ್ರಾಫಿಕ್ ಇರುವುದಿಲ್ಲ, ನಡೆಯಲು ಸುಲಭ, ಸರಿ. ಆದರೆ ಭಾನುವಾರ ಅಂಗಡಿಗಳ ಷಟರ್ ಇಳಿದಿರುತ್ತದೆ. ಮಗ್ಗದವರು ಮಲಗಿರುತ್ತಾರೆ. ಒಬ್ಬರು ಮಾತಾಡುತ್ತಾರೆ, ಇಪ್ಪತ್ತು ಜನ ಕೇಳುತ್ತಾರೆ. ಕೋಟೆ, ದೇವಸ್ಥಾನ, ರಾಜರ ಹೆಸರು ಎಲ್ಲ ಬರುತ್ತದೆ, ಸೀರೆ ಮಡಚುವ ಅಣ್ಣನ ಮಾತು ಬರುವುದಿಲ್ಲ. ಪರಂಪರೆ ಉಳಿಸುವ ಸಂಸ್ಥೆ ಇಂಟ್ಯಾಕ್‌ನವರ ನಡಿಗೆಗಳು, ಚರಿತ್ರೆ ಸಂಶೋಧನೆಯ ಮಿಥಿಕ್ ಸೊಸೈಟಿ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿರುವುದು, ಇವುಗಳ ಬಗ್ಗೆ ನನಗೆ ತುಂಬು ಗೌರವ ಇದೆ. ಕಲ್ಲು ಮಾತಾಡುವಂತೆ ಮಾಡಿದ್ದಾರೆ. ಬಾಯಿ ಇರುವವರನ್ನು ಮಾತಾಡಿಸುವ ಕೆಲಸ ಬಾಕಿ ಇದೆ.

ಹಾಗೆ ನೋಡಿದರೆ, ಬೀದಿಯ ಚರಿತ್ರೆಯನ್ನು ಬೀದಿಯವರೇ ಕೂಡಿ ನಡೆಸುವುದು ಪೇಟೆಗೆ ಹೊಸದೇನಲ್ಲ. ಚೈತ್ರದ ಹುಣ್ಣಿಮೆಯ ರಾತ್ರಿ ಧರ್ಮರಾಯನ ದೇವಸ್ಥಾನದಿಂದ ಕರಗ ಹೊರಡುತ್ತದೆ. ತಿಗಳ ಸಮುದಾಯದ ವೀರಕುಮಾರರು ಕತ್ತಿ ಹಿಡಿದು ಜೊತೆ ಬರುತ್ತಾರೆ. ಕರಗ ಕಾಟನ್‌ಪೇಟೆಯಲ್ಲಿ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ ಬರುತ್ತದೆ. ಯಾವ ಸಂದಿಗೆ ತಿರುಗಬೇಕು, ಎಲ್ಲಿ ನಿಲ್ಲಬೇಕು, ಯಾರ ಮನೆ ಮುಂದೆ ಪೂಜೆ, ಇದು ಅಲ್ಲಿನವರಿಗೆ ಕಾಲಲ್ಲೇ ಗೊತ್ತು. ಲಂಡನ್ನಿನ ಎಷ್ಟು ಅನುದಾನ ಬಂದರೂ ಇಂಥದ್ದನ್ನು ಹುಟ್ಟಿಸಲು ಆಗುವುದಿಲ್ಲ. ಅದು ವ್ರತ, ಭಕ್ತಿ. ಅದನ್ನು ಕಾರ್ಯಾಗಾರ ಮಾಡಲು ಹೋಗಬಾರದು. ಆದರೆ ಕರಗದ ರಾತ್ರಿ ಇಷ್ಟು ಚೆನ್ನಾಗಿ ಕೂಡುವ ಬೀದಿಗಳಿಗೆ, ವರ್ಷದ ಉಳಿದ ದಿನಗಳ ತಮ್ಮ ದುಡಿಮೆಯ ಕಥೆ ಹೇಳಿಕೊಳ್ಳಲು ಒಂದು ಜಾಗ ಇಲ್ಲ. ನನಗೆ ಬೇಕಾಗಿರುವುದು ಆ ಜಾಗ.

ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಅವೆನ್ಯೂ ರಸ್ತೆಯನ್ನು ಅಗೆದಾಗ ಪೈಪು, ಕೇಬಲ್ಲು, ಫುಟ್‌ಪಾತು ಎಲ್ಲಕ್ಕೂ ನಕ್ಷೆ ಇತ್ತು. ಪಠ್ಯಪುಸ್ತಕಗಳನ್ನು ಗುಡ್ಡೆ ಹಾಕಿ ಮಾರುವವರು ಫುಟ್‌ಪಾತಿನ ಯಾವ ಭಾಗದಲ್ಲಿ, ಯಾರ ನಂತರ ಯಾರು, ಯಾವ ಒಪ್ಪಂದದ ಮೇಲೆ ಕೂರುತ್ತಾರೆ ಅನ್ನುವುದಕ್ಕೆ ನಕ್ಷೆ ಇಲ್ಲ. ಅದು ಇರುವುದು ಅವರ ತಲೆಯಲ್ಲಿ. ಉದ್ದನೆ ಕಾಗದ ಹಾಸಿ ಕೇಳಿದರೆ ಒಂದು ಸಂಜೆಯಲ್ಲಿ ಬರೆದುಕೊಟ್ಟಾರು.

ಮಾಡುವುದಾದರೆ ಒಂದೇ ಬೀದಿಯಿಂದ ಶುರು ಮಾಡಬೇಕು, ಕಬ್ಬನ್‌ಪೇಟೆ ನನಗೆ ಸರಿ ಅನಿಸುತ್ತದೆ. ಸಂಜೆ, ಅಂಗಡಿ ಮುಚ್ಚಿದ ಮೇಲೆ, ಹತ್ತಿರದ ಯಾವುದಾದರೂ ಛತ್ರದಲ್ಲಿ. ಪೇಟೆಯ ಮನೆಮಾತು ಒಂದಲ್ಲ. ಕನ್ನಡ, ತೆಲುಗು, ತಮಿಳು, ಮರಾಠಿ, ಉರ್ದು, ಮಾರವಾಡಿ ಎಲ್ಲ ಇದೆ. ಯಾರು ಯಾವುದರಲ್ಲಿ ಹೇಳುತ್ತಾರೋ ಅದರಲ್ಲೇ ದಾಖಲಾಗಲಿ, ಕನ್ನಡದಲ್ಲಿ ಸಾರ ಇರಲಿ. ಮಗ್ಗದ ಲಾಳಿಯೋ, ಹರಿದ ಜರಿ ನೂಲೋ ಮೇಜಿನ ಮೇಲೆ ಇರಲಿ. ಕಾಲೇಜಿನ ಹುಡುಗರು ಬರಲಿ, ಆದರೆ ಅವರು ಬರೆದುಕೊಳ್ಳುವವರು, ಹೇಳುವವರು ಬೀದಿಯವರು. ಮಾಡಿದ ನಕ್ಷೆ, ಅಚ್ಚು, ಫೋಟೊ ಯಾವುದೋ ಗ್ಯಾಲರಿಗೆ ಹೋಗದೆ ಆ ಬೀದಿಯ ಗೋಡೆಯ ಮೇಲೇ ಇರಲಿ, ಅಲ್ಲಿನ ಶಾಲೆಯಲ್ಲಿ ಒಂದು ಪ್ರತಿ ಇರಲಿ.

ಇನ್ನೊಂದು ಮಾತು, ಇದು ಲಂಡನ್ನಿನವರಿಗೂ ಹೇಳಬೇಕಾದದ್ದು. ನಾನು ನೋಡಿದ ಕೂಟಗಳಲ್ಲಿ ನಡೆಸುವ ಕಲಾವಿದರಿಗೆ ಸಂಭಾವನೆ ಇತ್ತು, ಹೇಳಲು ಬಂದವರಿಗೆ ಚಹಾ, ಬಿಸ್ಕತ್ತು, ಬಸ್ ಚಾರ್ಜು. ಚಾಚಾ ಹೇಳಿದ್ದನ್ನು ಬೇರೆ ಯಾರೂ ಹೇಳಲು ಸಾಧ್ಯವಿರಲಿಲ್ಲ. ಮಗ್ಗದವರೊಬ್ಬರು ಸಂಜೆಯ ಕೆಲಸ ಬಿಟ್ಟು ಬಂದು ಕೂತರೆ ಅವರಿಗೆ ಆ ಹೊತ್ತಿನ ಕೂಲಿ ತಪ್ಪುತ್ತದೆ. ಆ ಕೂಲಿಯನ್ನು ಪೂರ್ತಿ ಕೊಡಬೇಕು, ಅದೂ ಮೊದಲ ದಿನವೇ, ಕೈಗೆ. ಹೊರನಾಡಿನಲ್ಲಿರುವ ನಮ್ಮ ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ಹಾಲ್ ಹಿಡಿಯಲು ಹಾಕುವ ದುಡ್ಡಿನಲ್ಲಿ ಒಂದು ಪಾಲು ತೆಗೆದಿಟ್ಟರೆ, ಕಬ್ಬನ್‌ಪೇಟೆಯ ಒಂದು ವರ್ಷದ ಸಂಜೆಗಳಿಗೆ ಸಾಕಾಗುತ್ತದೆ. ಮುಂದಿನ ಸಭೆಯಲ್ಲಿ ನಾನು ಇದನ್ನು ಪ್ರಸ್ತಾಪ ಮಾಡುತ್ತೇನೆ. ನಿಮ್ಮೂರಿನ ಸಂಘದಲ್ಲಿ ನೀವೂ ಮಾಡಿ.